ಹೊಲಿದ ಧೋತರ

ಆ ಬೆಳಿಗ್ಗೆ ಮಳೆ ಬರುತ್ತಲೂ ಇರಲಿಲ್ಲ, ನಿಂತೂ ಇರಲಿಲ್ಲ. ಶ್ರಾವಣದ ಜಿಟಿಜಿಟಿ ರಾತ್ರಿಯೆಲ್ಲ ಸೋರಿ, ಬೆಳಕು ಹರಿಯುವ ಹೊತ್ತಿಗೆ ತನಗೇ ಬೇಸರವಾದಂತೆ ಗಾಳಿಯಲ್ಲಿ ನೀರಿನ ಪುಡಿಯಾಗಿ ಉಳಿದಿತ್ತು. ಗುಂಡಗುರ್ತಿಯ ಮಾಳಿಗೆಗಳು, ಬೇವಿನ ಮರ, ಊರಾಚೆಯ ತೊಗರಿ ಹೊಲ ಎಲ್ಲವೂ ವಿಭೂತಿ ಹಚ್ಚಿಕೊಂಡಂತೆ ಒಂದೇ ಬಣ್ಣಕ್ಕೆ ತಿರುಗಿ, ಯಾವುದು ಹತ್ತಿರ ಯಾವುದು ದೂರ ಎಂಬುದು ತಿಳಿಯುತ್ತಿರಲಿಲ್ಲ. ಮಡಿವಾಳಯ್ಯನ ಕಾಲಿಗೆ ಇಂಥ ಹವೆ ಒಳ್ಳೆಯದು. ಬಿಸಿಲಿಗೆ ಎರಡು ಕಾಲೂ ಹಸಿಮಣ್ಣಿನ ಮುದ್ದೆಯಾಗುತ್ತವೆ, ತಂಪಿದ್ದರೆ ಅಷ್ಟಿಷ್ಟು ಮಾತು ಕೇಳುತ್ತವೆ. ಆದರೆ ತಂಪು ಕಾಲಿಗೆ ಕೊಟ್ಟದ್ದನ್ನು ಕಿಬ್ಬೊಟ್ಟೆಯಲ್ಲಿ ವಸೂಲು ಮಾಡುತ್ತದೆ. ಆದ್ದರಿಂದ ಅವನು ನಿನ್ನೆ ಸಂಜೆಯಿಂದ ನೀರು ಮುಟ್ಟಿರಲಿಲ್ಲ. ನಾಲಗೆ ಅಂಗುಳಕ್ಕೆ ಅಂಟಿಕೊಂಡು, ಪಂಚಾಕ್ಷರಿ ಹೇಳುವಾಗ ಒಂದೊಂದು ಅಕ್ಷರವೂ ಒಣ ಎಲೆಯ ಹಾಗೆ ಬಿಡಿಬಿಡಿಯಾಗಿ ಉದುರುತ್ತಿತ್ತು.

ಪೂಜೆಗೆ ಕುಳಿತು ಎಡಗೈಯ ಮೇಲೆ ಇಷ್ಟಲಿಂಗವಿಟ್ಟು ಕಣ್ಣು ಮುಚ್ಚಿದ. ಮುಚ್ಚಿದೊಡನೆ ಲಿಂಗ ಇಲ್ಲವಾಯಿತು. ಅಂಗೈಯಲ್ಲಿ ಅದರ ಭಾರ ಇಲ್ಲ, ತಂಪು ಇಲ್ಲ. ಇದೆಯೋ ಜಾರಿತೋ ಎಂದು ಕಣ್ಣು ತೆರೆದೇ ನೋಡಬೇಕು. ನೋಡಿದರೆ ಇದೆ. ಮುಚ್ಚಿದರೆ ಇಲ್ಲ. ಬಾಲ್ಯದಲ್ಲಿ ಅಪ್ಪ ಕಿವಿಯಲ್ಲಿ ಹೇಳಿದ್ದ, ಕಣ್ಣು ಮುಚ್ಚಿದಾಗ ಕಾಣುವುದೇ ಖರೆ ಲಿಂಗ ಎಂದು. ಈಗ ಆ ಮಾತು ನೆನಪಾದರೆ ಅವನಿಗೆ ದುಃಖವೂ ಆಗುವುದಿಲ್ಲ. ದುಃಖ ಬರುವ ದಾರಿಯಲ್ಲೂ ಏನೋ ಸವೆದಿರಬೇಕು. ಕಲಬುರಗಿಯ ಡಾಕ್ಟರರು ಅದನ್ನು ಒಳ್ಳೆಯ ರೀತಿಯಲ್ಲಿಯೇ ಬಿಡಿಸಿ ಹೇಳಿದ್ದರು: ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುತ್ತಾರೆ, ಕರೆಂಟಿನ ವಯರಿನ ಮೇಲಿನ ಪ್ಲಾಸ್ಟಿಕ್ ಅಲ್ಲಲ್ಲಿ ಸುಲಿದುಹೋದಂತೆ ನರದ ಮೇಲಿನ ಪೊರೆ ಸುಲಿದಿದೆ, ಮಿದುಳು ಕಳಿಸಿದ ಸುದ್ದಿ ಕಾಲಿಗೆ ಮುಟ್ಟುವುದಿಲ್ಲ, ಕೆಳಗಿನ ಸುದ್ದಿ ಮಿದುಳಿಗೆ ಸಮಯಕ್ಕೆ ಬರುವುದಿಲ್ಲ. ಉಚ್ಚೆಯ ಚೀಲ ತುಂಬಿದ್ದು ತಿಳಿಯುವುದರೊಳಗೆ ಹೊತ್ತು ಮೀರಿರುತ್ತದೆ. ಹೆಂಡತಿ ಶಿವರಂಜನಿ ಊರಿನಲ್ಲಿ ಅದಕ್ಕೆ ವಾತ ಎಂದು ಹೆಸರಿಟ್ಟಳು. ವಾತ ಎಂದರೆ ಮಂದಿಗೆ ಕಾಲು ಮಾತ್ರ ನೆನಪಾಗುತ್ತದೆ. ಉಳಿದದ್ದನ್ನು ಯಾರೂ ಕೇಳುವುದಿಲ್ಲ.

ಅವಳು ಈಗ ಧೋತರ ಹಿಡಿದು ನಿಂತಿದ್ದಳು. ದೂರದಿಂದ ನೋಡಿದರೆ ಎಲ್ಲ ಜಂಗಮರೂ ಉಡುವ ಬಿಳಿ ಧೋತರವೇ. ಆದರೆ ಅದರ ನಿರಿಗೆಗಳು ಬಿಚ್ಚಿಕೊಳ್ಳದಂತೆ ಹೊಲಿದಿದ್ದವು. ಸೊಂಟದ ಬಳಿ ಗಂಟಿನ ಬದಲು ದೊಡ್ಡ ಟಿಚ್ ಬಟನ್ನುಗಳು, ಬೆರಳು ಹಿಡಿತಕ್ಕೆ ಬಾರದಿದ್ದರೂ ಹೆಬ್ಬೆರಳು ತೂರಿಸಿ ಎಳೆಯಲು ಒಂದು ಪಟ್ಟಿಯ ಕುಣಿಕೆ. ಒಳಗೆ ಉಡುವ ಚಡ್ಡಿ ಎರಡೂ ಮಗ್ಗುಲಲ್ಲಿ ತೆರೆಯುತ್ತಿತ್ತು. ಅದಕ್ಕೆ ಟವೆಲ್ ಬಟ್ಟೆಯ ಪದರ, ಪದರದ ಹಿಂದೆ ಕೂಸಿನ ಕೆಳಗೆ ಹಾಸುವಂಥ ತೆಳ್ಳನೆಯ ರಬ್ಬರ್ ಬಟ್ಟೆ. ಇದನ್ನೆಲ್ಲ ಹೊಲಿಸಲು ಅವನು ಪರಿಚಯದವರಿಲ್ಲದ ವಾಡಿ ಜಂಕ್ಷನ್ನಿಗೆ ಹೋಗಿದ್ದ. ರೈಲಿನಿಂದಿಳಿದವರು ಹರಿದ ಚೀಲ ಹೊಲಿಸಿಕೊಳ್ಳುವ ಸ್ಟೇಷನ್ ಪಕ್ಕದ ಸಾಲಿನಲ್ಲಿ ಇಸಾಕ ಎಂಬ ಟೇಲರ. ಮಡಿವಾಳಯ್ಯ ವಿಷಯ ಹೇಳದೆ ವಿಷಯದ ಸುತ್ತಲೂ ಮಾತಾಡುತ್ತ ಬೆವರಿದ್ದ. ಇಸಾಕ ಕತ್ತರಿ ಕೆಳಗಿಟ್ಟು ಕೇಳಿ, ಕೊನೆಗೆ ನಕ್ಕುಬಿಟ್ಟ. "ಧೋತರ ಅಂದ್ರ ಹೊಲಿಗಿ ಇಲ್ಲದ್ದು ನೋಡ್ರಿ ಅಯ್ಯನೋರ. ನಮ್ಮ ಟೇಲರ್ ಮಂದಿಗಿ ಮೊದಲಿಂದ ಅದರ ಮ್ಯಾಲ ಸಿಟ್ಟದ. ಇವತ್ತ ಕೈಗಿ ಸಿಕ್ಕದ," ಅಂದ. ಆ ನಗೆಯಲ್ಲಿ ಮಡಿವಾಳಯ್ಯನೂ ನಗಬಹುದಿತ್ತು. ನಗಲಿಲ್ಲ.

ಮೊದಲ ಸಲ ಹೊಲಿದದ್ದು ಕೆಟ್ಟಿತು. ಬೂಟಿನ ಮೇಲೆ ಇರುತ್ತದಲ್ಲ, ಎಳೆದರೆ ಬಿಚ್ಚುವ ಪಟ್ಟಿ, ಅದನ್ನು ಹಚ್ಚಿದ್ದ. ಎಳೆದಾಗಿನ ಕರ್ರೆಂಬ ಸದ್ದಿಗೆ ಅಂಗಡಿಯ ಬೆಕ್ಕು ಎದ್ದು ಕುಳಿತಿತು. ಆರತಿಯ ನಡುವೆ ಹೀಗಾದರೆ ಅಯ್ಯನೋರ ಧೋತರ ಹರಿಯಿತೆಂದು ಮಂದಿ ಓಡಿ ಬರುತ್ತಾರೆ ಎಂದು ಇಸಾಕನೇ ಅದನ್ನು ಕಿತ್ತು ಬಟನ್ ಹಾಕಿದ. ಎರಡನೆಯ ಸಲ ಒಳಗಿನ ಚಡ್ಡಿ, ಅವನು ಕುಳಿತಾಗ, ತೊಡೆಯ ಸಂದಿಯಲ್ಲಿ ಸೋರಿತು. ಆಗ ಪರದೆಯ ಹಿಂದೆ ಮಶೀನು ತುಳಿಯುತ್ತಿದ್ದ ಅವನ ಹೆಂಡತಿ ಜಬೀನಾ ಮುಖ ತೋರಿಸದೆ ಕೇಳಿದಳು: "ನಿಂದ್ರಿಸಿ ಯಾಕ ಅಳತಿ ತಗೊಂಡ್ರಿ? ಅಯ್ಯನೋರು ಕುಂತು ದುಡಿಯೋರು." ಇಸಾಕ ತಲೆ ಕೆರೆದುಕೊಂಡ. ಮಡಿವಾಳಯ್ಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪದ್ಮಾಸನ ಹಾಕಿ ಕುಳಿತ. ಕಾಲುಗಳನ್ನು ಕೈಯಿಂದ ಎತ್ತಿ ಒಂದರ ಮೇಲೊಂದು ಇಟ್ಟುಕೊಳ್ಳಬೇಕಾಯಿತು. ಮನೆ ಮನೆಯಲ್ಲಿ ತನ್ನನ್ನು ಕೂರಿಸಿ ಮಂದಿ ಕೈ ಮುಗಿಯುವ ಅದೇ ಆಸನದಲ್ಲಿ, ತುಂಡು ಬಟ್ಟೆಗಳ ನಡುವೆ, ಸೊಂಟ ತೊಡೆ ಕಿಬ್ಬೊಟ್ಟೆಗಳ ಮೇಲೆ ಇಸಾಕನ ಟೇಪು ಓಡಾಡಿತು. ಹೊರಗೆ ಯಾವುದೋ ರೈಲು ಕೂಗಿತು. ತಾನು ಯಾರದೋ ಮನೆಯ ಸಾಮಾನು, ಇಳಿಸಿಟ್ಟಿದ್ದಾರೆ, ಎತ್ತಿಕೊಂಡು ಹೋಗುತ್ತಾರೆ ಅನ್ನಿಸಿತು.

"ಎರಡ ಗುಟುಕ ನೀರರ ಕುಡೀರಿ," ಅಂದಳು ಶಿವರಂಜನಿ ಬಟನ್ ಒತ್ತುತ್ತ. "ಇಷ್ಟೆಲ್ಲಾ ಹೊಲಿಸಿದ್ದು ಯಾತಕ್ಕ ಮತ್ತ? ಗಂಟಲ ಒಣಗಿದರ ಮಂತ್ರ ಹ್ಯಾಂಗ ಹೇಳ್ತೀರಿ?" ಅವನು ಬೇಡವೆಂದು ತಲೆಯಾಡಿಸಿದ. ಆಡಕಿ ಊರಿನ ಭಕ್ತರ ಮನೆಯಿಂದ ಬಂದು ಪೂಜೆಗೆ ಕರೆದಾಗ ಬರುತ್ತೇನೆಂದವನು ಅವನೇ. ಒಂದು ವರ್ಷ ಪಾದಪೂಜೆಯ ಎಲ್ಲ ಕರೆಗಳನ್ನೂ ಅವನು ತಮ್ಮನ ಮೇಲೆ ದಾಟಿಸಿದ್ದ. ಆದರೆ ಆ ಮನೆಯ ಯಜಮಾನಿ ಲಲಿತಾಬಾಯಿ, ತಮ್ಮ ಬೇಡ, ಹಿರಿಯ ಅಯ್ಯನೋರೇ ಬರಬೇಕು, ನಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತದ್ದು ಪೂರ್ತಿಯಾಗಬೇಕು ಎಂದು ಹಟ ಹಿಡಿದು ಮಗನನ್ನು ಮೂರು ಸಲ ಅಟ್ಟಿದ್ದಳು. ಹೋಗದಿದ್ದರೆ ಇನ್ನು ಯಾವ ಮನೆಯ ಮಣೆಯ ಮೇಲೂ ತಾನು ಕೂರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೋಗಿ, ಇವತ್ತೂ ಅಂದಿನ ಹಾಗೇ ಆದರೆ? ಆ ಪ್ರಶ್ನೆ ಎದೆಯಲ್ಲಿ ಅಲ್ಲ, ಎಲ್ಲೋ ಆಚೆಮನೆಯಲ್ಲಿ ಯಾರೋ ಕೇಳಿದಂತೆ ಕೇಳಿಸಿತು.

ಅಂದು ಕೂಡ ಶ್ರಾವಣ, ಆದರೆ ಮಳೆ ಜೋರಿತ್ತು. ಆಡಕಿಯ ಆ ಮನೆಯ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಮಣೆ, ಮಣೆಯ ಮೇಲೆ ಅವನು, ಮುಂದೆ ಹಿತ್ತಾಳೆಯ ತಾಟಿನಲ್ಲಿ ಅವನ ಎರಡು ಪಾದ. ಲಲಿತಾಬಾಯಿ ತಂಬಿಗೆಯಿಂದ ನೀರು ಬಿಟ್ಟಳು. ಪಾದಕ್ಕೆ ನೀರು ಬಿದ್ದದ್ದು ಅವನಿಗೆ ತಿಳಿಯಲಿಲ್ಲ, ಕಿವಿಗೆ ತಿಳಿಯಿತು. ತಾಟಿನಲ್ಲಿ ನೀರು ತುಂಬುವ ಆ ಸಣ್ಣ ಸದ್ದು ಕಿವಿಯಿಂದ ಇಳಿದು ನೇರ ಕಿಬ್ಬೊಟ್ಟೆಯನ್ನು ಹಿಡಿಯಿತು. ಇನ್ನೇನು ಅವಳು ಹೆಬ್ಬೆರಳ ಮೇಲಿಂದ ಇಳಿದ ನೀರನ್ನು ಬಟ್ಟಲಲ್ಲಿ ಹಿಡಿದು ಪಾದೋದಕವೆಂದು ಕುಡಿಯಬೇಕು. ಅವನು ಎದ್ದ. ಒಂದು ಮಾತಾಡದೆ, ತಾಟು ಮಗುಚಿದ್ದನ್ನೂ ನೋಡದೆ, ಗೋಡೆ ಹಿಡಿದು ಅಂಗಳ ದಾಟಿ ಬಣವೆಯ ಹಿಂದಕ್ಕೆ ಹೊರಟ. ಮುಟ್ಟಲಿಲ್ಲ. ಬಣವೆಯ ಈಚೆಗೇ ಎಲ್ಲ ಆಗಿಹೋಯಿತು. ಆಗ ಮಾಡಲು ಉಳಿದದ್ದು ಒಂದೇ: ಮನೆಗೆ ಬೆನ್ನು ಮಾಡಿ, ಪೂರ್ತಿ ತೋಯುವ ತನಕ ಮಳೆಯಲ್ಲಿ ನಿಲ್ಲುವುದು. ಮಳೆ ಅವನನ್ನು ಕಾಯಿತು. ಯಾವ ನೀರು ಯಾವುದೆಂದು ಯಾರಿಗೂ ತಿಳಿಯದಂತೆ ಮಾಡಿತು. ಪಡಸಾಲೆಯಲ್ಲಿ ನಿಂತ ಮಂದಿಗೆ ಕಂಡದ್ದು ಬೇರೆ: ಪೂಜೆಯಿಂದ ಎದ್ದುಹೋಗಿ ಸುರಿವ ಮಳೆಯಲ್ಲಿ ಮುಖ ತಿರುಗಿಸಿ ನಿಂತ ಜಂಗಮ. ಅಯ್ಯ ಮುನಿದ, ಅಂದರು. ಅವನು ದಾರಿಯಲ್ಲಿ ಸಿಕ್ಕ ಟೆಂಪೊ ಹತ್ತಿ ಊರಿಗೆ ಬಂದ. ಆ ಮಾತು ಅವನಿಗಿಂತ ಮೊದಲೇ ಸೇಡಂ ದಾಟಿ ಗುಂಡಗುರ್ತಿಗೆ ಬಂದಿತ್ತು. ಅವನು ಅಲ್ಲ ಎನ್ನಲಿಲ್ಲ. ಸಿಟ್ಟು ಜಂಗಮನಿಗೆ ಒಪ್ಪುವಂಥದು. ಪುರಾಣದಲ್ಲಿ ಅದಕ್ಕೆ ಜಾಗವಿದೆ. ಒದ್ದೆ ಧೋತರಕ್ಕೆ ಎಲ್ಲಿಯೂ ಜಾಗವಿಲ್ಲ. ಇಷ್ಟು ಸುಲಭವಾಗಿ ಸಿಕ್ಕ ಮರ್ಯಾದೆಯನ್ನು ಅವನು ಮೈಮೇಲೆ ಹೊದ್ದುಕೊಂಡು ಸುಮ್ಮನಾದ.

ಲಲಿತಾಬಾಯಿಯ ಮಗ ಶಾಂತಕುಮಾರ ಬಾಡಿಗೆಯ ಕಾರು ತಂದಿದ್ದ. ಸಿಮೆಂಟ್ ಫ್ಯಾಕ್ಟರಿಯ ಕಾಟಾದಲ್ಲಿ ಲಾರಿ ತೂಗುವ ಕೆಲಸ ಅವನದು. ಮಾತೂ ಹಾಗೇ, ತೂಗಿ ಆಡುವವನು. ಶರಣು ಮಾಡಿ, ಅಯ್ಯನವರ ಕೈ ಹಿಡಿದು ಹತ್ತಿಸಲೋ ಬೇಡವೋ ಎಂದು ಅನುಮಾನಿಸಿ, ಬಾಗಿಲು ಮಾತ್ರ ಹಿಡಿದುಕೊಂಡ. ದಾರಿಯುದ್ದಕ್ಕೂ ಕಾರಿನ ಗಾಜಿನ ಮೇಲೆ ನೀರಿನ ಹನಿಗಳು ಒಂದಕ್ಕೊಂದು ಸೇರಿ ಇಳಿಯುತ್ತಿದ್ದವು. ಮಡಿವಾಳಯ್ಯ ಅವನ್ನು ನೋಡದಿರಲು ಮುಂದಿನ ಸೀಟಿನ ಬಟ್ಟೆಯ ಹೊಲಿಗೆಯನ್ನು ನೋಡಿದ. ಈಚೀಚೆಗೆ ಅವನ ಕಣ್ಣು ಎಲ್ಲ ಕಡೆ ಹೊಲಿಗೆಯನ್ನೇ ಹುಡುಕುತ್ತದೆ. ಸೇಡಂ ಬಸ್‌ಸ್ಟ್ಯಾಂಡಿನ ಎದುರು ಶಾಂತಕುಮಾರ ಕಾರು ನಿಲ್ಲಿಸಿ, ಹವಾ ತಂಪದೆ, ಒಂದು ಕಪ್ಪು ಚಾ ತರಲೇ ಎಂದು ಕೇಳಿದ. ಮಡಿವಾಳಯ್ಯ ಬೇಡವೆಂದ. ಹಾಲು? ಬೇಡ. ನೀರಿನ ಬಾಟಲಿ? ಅದೂ ಬೇಡ. ಶಾಂತಕುಮಾರ ಕೆಳಗಿಳಿದವನು ಹಾಗೇ ಸ್ವಲ್ಪ ಹೊತ್ತು ನಿಂತು, ತಾನೂ ಕುಡಿಯದೆ ಬಂದು ಕುಳಿತ. ಗಾಡಿ ಊರು ಬಿಟ್ಟ ಮೇಲೆ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಮೆಲ್ಲಗೆ ಕೇಳಿದ: "ಇನ್ನಾ ಸಿಟ್ಟ ಇಳಿದಿಲ್ಲೇನ್ರಿ ಅಯ್ಯನೋರ? ನಮ್ಮ ಕೈಯಾನ ನೀರ ಸೈತ ಒಲ್ಲೆ ಅಂತೀರಿ."

ಈಗ ಹೇಳಬಹುದಿತ್ತು. ಕಾರಿನಲ್ಲಿ ಇಬ್ಬರೇ ಇದ್ದರು. ಹೊರಗೆ ಯಾರೂ ಇಲ್ಲದ ಕರಿಮಣ್ಣಿನ ಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು. ಮಡಿವಾಳಯ್ಯ ಬಾಯಿ ತೆರೆದ. ಬಂದದ್ದು, ಉಪವಾಸ ಇದ್ದೇನೆ ಎಂಬ ಮಾತು. ಶಾಂತಕುಮಾರನ ಭುಜ ಸಡಿಲವಾಯಿತು. ಅಯ್ಯ ನಮ್ಮ ಮನೆಯ ಪೂಜೆಗಾಗಿ ಉಪವಾಸ ಹಿಡಿದಿದ್ದಾರೆ ಎಂದು ಅವನ ಮುಖದಲ್ಲಿ ಭಕ್ತಿ ಬಂದು ಕೂತದ್ದನ್ನು ಮಡಿವಾಳಯ್ಯ ಕನ್ನಡಿಯಲ್ಲಿ ಕಂಡ. ಒಂದು ಸುಳ್ಳಿನ ಮೇಲೆ ಇನ್ನೊಂದು ಪದರ. ಹೀರುವ ಬಟ್ಟೆಯ ಹಿಂದೆ ರಬ್ಬರ್ ಬಟ್ಟೆ.

ಆಡಕಿಯ ಮನೆ ಬದಲಾಗಿರಲಿಲ್ಲ. ಪಡಸಾಲೆಗೆ ಶಹಾಬಾದಿನ ಫರ್ಸಿ ಕಲ್ಲಿನ ನೆಲ, ಮಳೆಗಾಲದ ಬೆವರಿನಿಂದ ಕಪ್ಪಾಗಿ ಹೊಳೆಯುತ್ತಿತ್ತು. ಲಲಿತಾಬಾಯಿ ಒಳಗಿನಿಂದ ಬಂದಳು, ವರ್ಷದಲ್ಲಿ ಇಳಿದುಹೋಗಿದ್ದಳು. ಸ್ವಲ್ಪ ಕುಂಟುತ್ತಿದ್ದಳು. ಮುಖದಲ್ಲಿ ಅಂಜಿಕೆ, ಪರೀಕ್ಷೆಗೆ ಎರಡನೆಯ ಸಲ ಕುಳಿತವರ ಅಂಜಿಕೆ. ಮನೆಯಲ್ಲಿ ನೆಂಟರಿಲ್ಲ, ನೆರೆಯವರಿಲ್ಲ. ಈ ಸಲ ಯಾರನ್ನೂ ಕರೆದಿರಲಿಲ್ಲ. ಮತ್ತೆ ಏನಾದರೂ ಆದರೆ ನೋಡುವವರು ಬೇಡವೆಂದಿರಬೇಕು. ಮಡಿವಾಳಯ್ಯ ಮಣೆಯ ಮೇಲೆ ಕುಳಿತು, ಕೈಯಿಂದ ಕಾಲೆತ್ತಿ ತಾಟಿನಲ್ಲಿಟ್ಟ. ಹೊಲಿದ ನಿರಿಗೆಗಳು ಒಂದೂ ಕದಲದೆ ಮೊಣಕಾಲ ಮೇಲೆ ಬಂದು ನಿಂತವು. ನೋಡಿದವರು, ಅಯ್ಯನೋರು ಎಷ್ಟು ಅಚ್ಚುಕಟ್ಟಾಗಿ ಉಟ್ಟಿದ್ದಾರೆ ಅನ್ನಬೇಕು.

ನೀರು ಬಿತ್ತು. ತಾಟು ಅದೇ ಸದ್ದು ಮಾಡಿತು. ಅವನು ಮಂತ್ರವನ್ನು ಗಟ್ಟಿಯಾಗಿ ಹೇಳತೊಡಗಿದ, ಸದ್ದನ್ನು ಮುಚ್ಚುವಷ್ಟು. ಕೆಳಗೆ ಎಲ್ಲೋ ಏನೋ ಹಿಡಿಯಿತು, ಬಿಟ್ಟಿತು. ಬಿಟ್ಟಿತೇ? ಬೆಚ್ಚಗಾಯಿತೇ? ತಿಳಿಯಲಿಲ್ಲ. ಮಣೆಯ ಅಂಚು ನೋಡಿದ, ಒಣಗಿತ್ತು. ಧೋತರದ ಅಂಚು ನೋಡಿದ, ಬಿಳಿ. ಆಗಿದ್ದರೂ ಹೊರಗೆ ಬಂದಿಲ್ಲ, ಆಗಿರದಿದ್ದರೂ ಹೊರಗೆ ಬಂದಿಲ್ಲ. ಎದ್ದು ಹೋಗಬೇಕಾಗಿಲ್ಲ. ಇನ್ನು ಮೇಲೆ ಯಾರ ಮನೆಯಿಂದಲೂ ಎದ್ದು ಹೋಗಬೇಕಾಗಿಲ್ಲ. ಒಳಗೆ ಏನಾದರೂ ಆಗುತ್ತಿರಲಿ, ಮೇಲೆ ಕೈ ಎತ್ತಿ ಹರಸುತ್ತ ಕುಳಿತಿರಬಹುದು. ವರ್ಷವಿಡೀ ಬೇಡಿದ್ದು ಇದನ್ನೇ. ಸಿಕ್ಕಿತ್ತು. ಸಂತೋಷಕ್ಕಾಗಿ ಅವನು ಕಾದ, ಅದು ಬರಲಿಲ್ಲ.

ವಿಭೂತಿ ಹಚ್ಚಲು ಲಲಿತಾಬಾಯಿ ಸರಿದು ಕುಕ್ಕರುಗಾಲಲ್ಲಿ ಕುಳಿತಾಗ ಅವಳ ಪಾದಗಳು ಅವನ ಪಾದಗಳ ಪಕ್ಕಕ್ಕೇ ಬಂದವು. ಅವನವು ನೀರಲ್ಲಿ ತೊಳೆದು, ಬಿಲ್ವದ ಎಲೆ ಇಟ್ಟುಕೊಂಡು, ಯಾರವೋ ಎಂಬಂತೆ ಬಿದ್ದಿದ್ದವು. ಅವಳವು ಹಿಮ್ಮಡಿಯಿಂದ ಬೆರಳ ತನಕ ಬಿರುಕು ಬಿಟ್ಟು, ಬಿರುಕಿನಲ್ಲಿ ಕರಿಮಣ್ಣು ಕೂತು, ಒಂದು ಹೆಬ್ಬೆರಳಿಗೆ ಬಟ್ಟೆ ಸುತ್ತಿ ಅರಿಶಿನ ಹಚ್ಚಿತ್ತು. ಅವನ ಮಂತ್ರ ತಡೆಯಿತು. ಅವನ ಕಣ್ಣು ಎಲ್ಲಿದೆಯೆಂದು ನೋಡಿದ ಶಾಂತಕುಮಾರ, ತಾಯಿ ಬೇಡವೆಂದು ಕಣ್ಣು ಮಾಡಿದರೂ, ಹೇಳಿಬಿಟ್ಟ. ಅಯ್ಯನೋರು ಮುನಿದು ಹೋದ ದಿನ ಅವ್ವ ಚಪ್ಪಲಿ ಬಿಟ್ಟಳು. ಅವರು ತಿರುಗಿ ಬಂದು ಪಾದೋದಕ ಕೊಡುವ ತನಕ ಮೆಟ್ಟುವುದಿಲ್ಲವೆಂದು ಹರಕೆ ಹೊತ್ತಳು. ಬೇಸಿಗೆಯ ಬಿಸಿಲಲ್ಲಿ ಹೊಲಕ್ಕೂ ಹಾಗೆಯೇ ಹೋದಳು. ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಚುಚ್ಚಿ ಬೆರಳು ಕೀವಾಯಿತು, ಮಾಯಿತು, ಮತ್ತೆ ಕೀವಾಯಿತು. ಲಲಿತಾಬಾಯಿ ತಲೆ ತಗ್ಗಿಸಿಕೊಂಡೇ ಅಂದಳು: "ತಪ್ಪು ನಂದೇ ಇತ್ರಿ. ಅವತ್ತ ಮುಂಜಾನಿ ಚಳಿ ಅಂತ ಪೂಜಿಕಿಂತ ಮೊದಲಾ ಒಂದ ಬಶಿ ಚಾ ಕುಡ್ದಿದ್ದೆ. ಯಾರೂ ನೋಡಿದ್ದಿಲ್ಲ. ನಿಮಗ ಗೊತ್ತಾತು."

ಅವನು ಆ ಪಾದಗಳನ್ನೇ ನೋಡುತ್ತಿದ್ದ. ಕೂಳೆ ಚುಚ್ಚಿದಾಗ ನೋವು ಅವಳ ಮಿದುಳಿಗೆ ಸಮಯಕ್ಕೆ ಸರಿಯಾಗಿ ಮುಟ್ಟಿರಬೇಕು. ಅವಳ ವಯರು ಎಲ್ಲಿಯೂ ಸುಲಿದಿಲ್ಲ. ಕಾದ ಫರ್ಸಿ, ಕಲ್ಲು, ಜಾಲಿಮುಳ್ಳು, ಎಲ್ಲ ಸುದ್ದಿಯನ್ನೂ ವರ್ಷವಿಡೀ ಅವಳು ಒಬ್ಬಳೇ ತೆಗೆದುಕೊಂಡಳು. ಲಲಿತಾಬಾಯಿ ಹಿತ್ತಾಳೆಯ ಬಟ್ಟಲನ್ನು ಅವನ ಹೆಬ್ಬೆರಳ ಕೆಳಗೆ ಹಿಡಿದಳು, ನೀರು ಬಿಟ್ಟಳು, ತುಂಬಿದ ಬಟ್ಟಲನ್ನು ಕಣ್ಣಿಗೊತ್ತಿಕೊಂಡಳು. ಇದು ಅವಳ ತುಟಿ ದಾಟಿದರೆ ಹರಕೆ ಮುಗಿಯುತ್ತದೆ. ತಾನು ಮುನಿದವನು, ಈಗ ಕ್ಷಮಿಸಿದವನು. ಅವಳು ಚಾ ಕುಡಿದ ಪಾಪಿ, ಈಗ ತೊಳೆದವಳು. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ಹೊಲಿದು ನಿಲ್ಲುತ್ತಾರೆ. ಒಂದು ಬಿಲ್ವದೆಲೆ ತಾಟಿನ ನೀರಿನಲ್ಲಿ ಸುತ್ತುತ್ತ ಅಂಚಿಗೆ ಬಂದು ತಗುಲಿತು. ಅವನ ಕೈ ಚಾಚಿತು. ಕೈ ತಾನಾಗಿಯೇ ಹೋಯಿತೋ, ತಾನೇ ಕಳಿಸಿದನೋ, ಬಟ್ಟಲಿನ ಬಾಯನ್ನು ಅಂಗೈ ಮುಚ್ಚಿತ್ತು.

ಮತ್ತೆ ಏನು ತಪ್ಪಾಯಿತು ಎಂದು ಲಲಿತಾಬಾಯಿಯ ತುಟಿ ಅಲುಗಿತು.

"ಯವ್ವಾ," ಅಂದ ಮಡಿವಾಳಯ್ಯ. "ಅವತ್ತ ನನಗ ಸಿಟ್ಟ ಬಂದಿದ್ದಿಲ್ಲ. ಒಂದಕ್ಕ ಬಂದಿತ್ತು."

ಅವನು ಮುಂದುವರಿಸಿದ, ಇನ್ನೊಬ್ಬರ ಸಂಗತಿ ಹೇಳುವಂಥ ಸಪಾಟು ದನಿಯಲ್ಲಿ: ನರದ ಬೇನೆಯಿದೆ, ಬಂದದ್ದು ತಡೆಯಲಾಗುವುದಿಲ್ಲ, ಬಣವೆಯ ತನಕ ಮುಟ್ಟಲಾಗಲಿಲ್ಲ, ಮಳೆಯಲ್ಲಿ ನಿಂತದ್ದು ಅದಕ್ಕೇ. ಮಂದಿ ಮುನಿದ ಅಂದಾಗ ಸುಮ್ಮನಿದ್ದೆ. ನಿನ್ನ ಚಾದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಶಾಂತಕುಮಾರ ಗೋಡೆಯ ಕಡೆ ತಿರುಗಿದ. ಅವನಿಗೆ ನಗು ಬಂತೋ ಸಿಟ್ಟು ಬಂತೋ, ಕುತ್ತಿಗೆಯ ಹಿಂಭಾಗ ಮಾತ್ರ ಕೆಂಪಾಯಿತು.

ಲಲಿತಾಬಾಯಿ ಬಟ್ಟಲನ್ನು ಹಿಡಿದೇ ಇದ್ದಳು. ಹಾಗೇ ಕೇಳಿದಳು: "ಈಗ? ಈಗ ಬಂದಾದೇನ್ರಿ?"

"ಗೊತ್ತಿಲ್ಲ ಯವ್ವಾ. ನನಗ ಗೊತ್ತಾಗಂಗಿಲ್ಲ. ಬಂದಿದ್ದರೂ ಹೊರಗ ಬರಂಗಿಲ್ಲ. ವಾಡಿದಾಗ ಒಬ್ಬ ಟೇಲರ ಹಂಗ ಹೊಲ್ದುಕೊಟ್ಟಾನ."

ಅವಳು ಅವನ ಧೋತರವನ್ನು ನೋಡಿದಳು, ನಿರಿಗೆಯಿಂದ ನಿರಿಗೆಗೆ, ಸಂತೆಯಲ್ಲಿ ಬಟ್ಟೆ ನೋಡುವ ಹೆಂಗಸಿನ ಕಣ್ಣಿನಿಂದ. ಅದರಲ್ಲಿ ಅಸಹ್ಯವಿರಲಿಲ್ಲ, ಕನಿಕರವೂ ಇರಲಿಲ್ಲ. ಆಮೇಲೆ ಬಟ್ಟಲನ್ನು ಗೋಡೆಯ ಗೂಡಿನಲ್ಲಿ ದೀಪದ ಪಕ್ಕಕ್ಕಿಟ್ಟು ಬಂದು ಕಂಬಕ್ಕೆ ಒರಗಿ ಕುಳಿತಳು. "ಹಂಗಾದ್ರ ನಾ ಯಾರ ಸಲುವಾಗಿ ಬರಿಗಾಲಿಲೆ ತಿರಗಿದೆ?" ಅಂದಳು. ಅದು ಜಗಳದ ಮಾತಲ್ಲ. ಲೆಕ್ಕ ತಪ್ಪಿದವರು ತಮ್ಮಷ್ಟಕ್ಕೆ ತಾವು ಕೇಳಿಕೊಳ್ಳುವ ಮಾತು. ಶಿವನ ಸಲುವಾಗಿ ಎನ್ನಬಹುದಿತ್ತು, ಮಣೆಯ ಮೇಲೆ ಕುಳಿತವರು ಸಾಮಾನ್ಯವಾಗಿ ಹಾಗೆಯೇ ಅನ್ನುತ್ತಾರೆ. ಅವನು ತಾಟಿನಿಂದ ಒಂದೊಂದೇ ಕಾಲು ಎತ್ತಿ ಹೊರಗಿಟ್ಟು, ಮಣೆಯಿಂದ ಇಳಿದ.

ಅವ್ವನ ಚಪ್ಪಲಿ ಎಲ್ಲಿವೆ ಎಂದು ಶಾಂತಕುಮಾರನನ್ನು ಕೇಳಿದ. ಅಡುಗೆಮನೆಯ ಬಾಗಿಲ ಹಿಂದೆ ಚೀಲದಲ್ಲಿಟ್ಟು ಮೊಳೆಗೆ ತೂಗುಹಾಕಿದ್ದಾಳೆ ಎಂದು ಅವನು ತರಲು ಹೊರಟಾಗ ಮಡಿವಾಳಯ್ಯ ಕೈಯೆತ್ತಿ ತಡೆದ. ತಾನೇ ಗೋಡೆ ಹಿಡಿದು ಹೋದ. ಒದ್ದೆ ಪಾದ ಫರ್ಸಿಯ ಮೇಲೆ ಎಲ್ಲಿ ಬೀಳುತ್ತಿದೆಯೆಂದು ಕಣ್ಣಿಂದ ನೋಡಿಕೊಂಡೇ ಇಡಬೇಕಿತ್ತು. ಮೊಳೆಯಿಂದ ಚೀಲ ಬಿಡಿಸಲು ಬೆರಳು ಒಪ್ಪಲಿಲ್ಲ. ಮುಂಗೈಯಿಂದ ಮೇಲಕ್ಕೆ ನೂಕಿ ಇಳಿಸಿದ. ಒಳಗಿನ ಚಪ್ಪಲಿ ವರ್ಷದ ಬೂಸಿಗೆ ಬೆಳ್ಳಗಾಗಿ, ತೊಗಲು ಸೆಟೆದು ಕಟ್ಟಿಗೆಯಾಗಿತ್ತು. ಹೆಗಲ ಶಲ್ಯದಿಂದ ಒರೆಸಿದ. ಎಡದ್ದು, ಬಲದ್ದು. ಮರಳಿ ಬರುವಾಗ ಒಂದು ಕೈ ಗೋಡೆಗೆ, ಒಂದು ಕೈಯಲ್ಲಿ ಚಪ್ಪಲಿ. ಅಯ್ಯನೋರು ಕೈಯಲ್ಲಿ ಮೆಟ್ಟು ಹಿಡಿದು ಬರುವುದನ್ನು ನೋಡಲಾರದೆ ಶಾಂತಕುಮಾರ ಹೊರಗೆ ಹೋಗಿ ಅಂಗಳದಲ್ಲಿ ನಿಂತ. ಕಂಬದ ಮುಂದೆ ಬಂದು ಬಗ್ಗಲು ಹೋದರೆ ಮೊಣಕಾಲು ಅರ್ಧದಲ್ಲಿ ಕೈಕೊಟ್ಟು, ಮಡಿವಾಳಯ್ಯ ದೊಪ್ಪನೆ ನೆಲಕ್ಕೆ ಕುಳಿತುಬಿಟ್ಟ. ಪೆಟ್ಟು ಬಿದ್ದಿರಬೇಕು. ಚಪ್ಪಲಿಯನ್ನು ಅವಳ ಪಾದದ ಮುಂದೆ, ಮೆಟ್ಟಲು ಬರುವಂತೆ ತಿರುಗಿಸಿ ಇಟ್ಟ.

ಲಲಿತಾಬಾಯಿ ಕಾಲು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ್ರಿ. ನನಗ ಪಾಪ ಹತ್ತತದ."

ಅವನು ಚಪ್ಪಲಿಯ ಮೇಲಿನ ಕೈ ತೆಗೆಯಲಿಲ್ಲ. ಹೊರಗೆ ಜಿಟಿಜಿಟಿ ಮತ್ತೆ ಹಿಡಿದಿತ್ತು. ಕೊನೆಗೆ ಅವಳು ಸೀರೆಯ ಅಂಚನ್ನು ಸ್ವಲ್ಪ ಎತ್ತಿ, ಬಲಗಾಲು ಮುಂದಕ್ಕೆ ತಂದು ಚಪ್ಪಲಿಯೊಳಗೆ ತೂರಿಸಿದಳು. ಎಡಗಾಲಿಗೆ ಬಟ್ಟೆ ಸುತ್ತಿದ ಹೆಬ್ಬೆರಳು ಅಡ್ಡ ಬಂತು. ಅವನು ತನ್ನ ಕೈಯ ಹೆಬ್ಬೆರಳು ತೂರಿಸಿ ಆ ಸೆಟೆದ ಪಟ್ಟಿಯನ್ನು ಮೇಲಕ್ಕೆ ಎತ್ತಿ ಹಿಡಿದ, ಅವಳ ಕಾಲು ಪೂರ್ತಿ ಒಳಗೆ ಹೋಗುವ ತನಕ.